ಯಾರೂ ತಿನ್ನದ ಕುರಿಕಾಲು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಚಿಂತಾಮಣಿಯಿಂದ ಶಿಡ್ಲಘಟ್ಟಕ್ಕೆ ಹೋಗುವ ರಸ್ತೆಯಲ್ಲಿ, ಮನೆಗಳು ಮುಗಿದು ಹಿಪ್ಪುನೇರಳೆ ತೋಟಗಳು ಶುರುವಾಗುವ ಕಡೆ, ಒಂದು ಸಣ್ಣ ವೈದ್ಯಕೀಯ ಸಂಶೋಧನಾ ಕೇಂದ್ರವಿದೆ. ಅದರ ಹಿಂದಿನ ಅಂಗಳದಲ್ಲಿ, ಜನರೇಟರ್ ಶೆಡ್ಡಿನ ಪಕ್ಕ, ಅಶ್ವತ್ಥಮ್ಮ ಇದ್ದಿಲ ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದಾರೆ. ಎಡಗೈ ಒಲೆಗೆ ಗಾಳಿ ಊದುವ ಫ್ಯಾನಿನ ಹಿಡಿ ತಿರುಗಿಸುತ್ತಿದೆ. ಬಲಗೈಯಲ್ಲಿ ಕುರಿಯ ಕಾಲು. ಕೂದಲು ಚಟಚಟ ಎಂದು ಸುಟ್ಟು, ಅದರ ವಾಸನೆ ಕಾಂಪೌಂಡು ದಾಟಿ ರಸ್ತೆಗೆ ಹೋಗುತ್ತದೆ. ಡೇರಿಗೆ ಹಾಲು ಹಾಕಲು ಹೊರಟ ಸೈಕಲ್ಲಿನವನೊಬ್ಬ ಗೇಟಿನ ಹತ್ತಿರ ಕಾಲೂರಿ ನಿಂತು ಕೂಗುತ್ತಾನೆ:

"ಏನಮ್ಮೋ, ಇವತ್ತು ಡಾಕ್ಟ್ರಿಗೆಲ್ಲ ಕಾಲ್ ಸೂಪಾ?"

"ನಿಂಗೂ ಒಂದು ಲೋಟ ಕಳಿಸ್ತೀನಿ ಹೋಗಪ್ಪ. ಕುಡಿದ್ರೆ ರಾತ್ರಿಯೆಲ್ಲ ಟ್ಯೂಬ್‌ಲೈಟ್ ಥರ ಉರೀತಿರ್ತೀಯ."

ಈ ಕಾಲನ್ನು ಯಾರೂ ತಿನ್ನುವುದಿಲ್ಲ. ಇನ್ನು ಸ್ವಲ್ಪ ಹೊತ್ತಿಗೆ ಇದರ ಚರ್ಮದ ಒಂದು ಚೂರು ಒಳಗಿನ ಕತ್ತಲೆ ಕೋಣೆಗೆ, ಲೇಸರ್ ಬೆಳಕಿನಿಂದ ನೋಡುವ ಒಂದು ಮೈಕ್ರೋಸ್ಕೋಪಿನ ಕೆಳಗೆ ಹೋಗುತ್ತದೆ. ಬೆಂಕಿಯಲ್ಲಿ ಸುಟ್ಟ ಮನುಷ್ಯರ ಚರ್ಮವನ್ನು ಕೊಯ್ಯಬೇಕೋ ಬಿಡಬೇಕೋ ಎಂದು ಡಾಕ್ಟರುಗಳಿಗೆ ಹೇಳಬಲ್ಲ ಒಂದು ದಾರಿಯನ್ನು ಇಲ್ಲಿ ಹುಡುಕುತ್ತಿದ್ದಾರೆ. ಅದಕ್ಕೆ ಮೊದಲು ಯಾರಾದರೂ ಚರ್ಮವನ್ನು ಸುಡಬೇಕಲ್ಲ. ಆ ಕೆಲಸ ಅಶ್ವತ್ಥಮ್ಮನವರದು.

ಅಶ್ವತ್ಥಮ್ಮನವರಿಗೆ ಐವತ್ತರ ಮೇಲೆ. ಸ್ವಂತ ಊರು ಸಾದಲಿ ಕಡೆ. ಮದುವೆಯಾಗಿ ಚಿಂತಾಮಣಿಗೆ ಬಂದ ವರ್ಷವೇ ಅತ್ತೆ ಇವರನ್ನು ಮಟನ್ ಅಂಗಡಿಯ ಮುಂದಿನ ಒಲೆಗೆ ಕೂರಿಸಿದರು. ಅಂಗಡಿಯಲ್ಲಿ ಕುರಿಯ ಮೈಚರ್ಮವನ್ನು ಸುಲಿದುಬಿಡುತ್ತಾರೆ. ತಲೆ ಮತ್ತು ಕಾಲುಗಳ ಚರ್ಮ ಮಾತ್ರ ಹಾಗೇ ಉಳಿಯುತ್ತದೆ. ಅವನ್ನು ಕೊಂಡವರು ಅಂಗಡಿ ಮುಂದೆ ಒಲೆ ಇಟ್ಟುಕೊಂಡ ಹೆಂಗಸಿಗೆ ಕೊಡುತ್ತಾರೆ. ಆಕೆ ಕೂದಲು ಸುಟ್ಟು, ಕತ್ತಿಯಿಂದ ಹೆರೆದು, ತೊಳೆದು, ಅರಿಶಿನ ಹಚ್ಚಿ, ಕಡಿದು ಕೊಡುತ್ತಾಳೆ. ಭಾನುವಾರಗಳಲ್ಲಿ ಅಶ್ವತ್ಥಮ್ಮನವರ ಮುಂದೆ ನೂರಕ್ಕೂ ಹೆಚ್ಚು ಕಾಲುಗಳು ಬಿದ್ದಿರುತ್ತಿದ್ದವು.

"ಹೊಗೆ ಅಂದ್ರೆ ನಂಗೆ ಗಾಳಿ ಇದ್ದಂಗೆ" ಎನ್ನುತ್ತಾರೆ. "ಮನೇಲಿ ನಮ್ಮೆಜಮಾನ್ರು ಒಂದು ಬೀಡಿ ಹಚ್ಚಿದ್ರೆ ಮಾತ್ರ ಕೆಮ್ಮು ಬರುತ್ತೆ."

ಕಷ್ಟ ಹೊಗೆಯದಲ್ಲ. ಸೋಮವಾರ, ಶನಿವಾರ ಬಹಳ ಜನ ಮಾಂಸ ತಿನ್ನುವುದಿಲ್ಲ. ಶ್ರಾವಣ ಬಂದರೆ ಒಂದಿಡೀ ತಿಂಗಳು ಒಲೆ ತಣ್ಣಗಿರುತ್ತದೆ. ಕಾರ್ತಿಕ ಮಾಸದಲ್ಲಿ ಅರ್ಧ ವ್ಯಾಪಾರ. ಆ ದಿನಗಳಲ್ಲಿ ಇವರು ಟೊಮ್ಯಾಟೊ ಬಿಡಿಸಲು, ಹಿಪ್ಪುನೇರಳೆ ಸೊಪ್ಪು ಕೊಯ್ಯಲು ಹೋಗುತ್ತಿದ್ದರು. ಇನ್ನೊಂದು ವಿಷಯವನ್ನು ಅವರು ಕೇಳಿದರೆ ಮಾತ್ರ ಹೇಳುತ್ತಾರೆ. ಇವರು ಸುಟ್ಟ ಕಾಲಿನ ಸೂಪು ಕುಡಿಯುವವರು ಪಕ್ಕದ ಟೀ ಅಂಗಡಿಯ ಬೆಂಚಿನ ಮೇಲೆ ಇವರ ಜೊತೆ ಕೂರುತ್ತಿರಲಿಲ್ಲ. ಅಶ್ವತ್ಥಮ್ಮ ಟೀ ಲೋಟ ಹಿಡಿದು ಒಲೆಯ ಹತ್ತಿರ ಬಂದು ಕುಡಿಯುತ್ತಿದ್ದರು.

ಈ ಕೇಂದ್ರಕ್ಕೆ ಅವರು ಬಂದದ್ದು ಒಂದು ತಪ್ಪಿನಿಂದ.

ಎರಡು ವರ್ಷದ ಹಿಂದಿನ ಮಾತು, ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯಾದ ವರ್ಷ ಅದು. ಕೇಂದ್ರಕ್ಕೆ ಹೊಸ ಮೈಕ್ರೋಸ್ಕೋಪು ಬಂದು ಕೆಲವೇ ತಿಂಗಳಾಗಿತ್ತು. ಅದನ್ನು ನಡೆಸುವ ಸಂಶೋಧನಾ ವಿದ್ಯಾರ್ಥಿನಿ ಶಿರೀಷಾ ಅಂಬಾಜಿದುರ್ಗದ ಬುಡದ ಹಳ್ಳಿಯ ರೈತರ ಮನೆಯವರು. ಯಂತ್ರವನ್ನು ಪರೀಕ್ಷಿಸಲು ಅವರಿಗೆ ತಾಜಾ ಚರ್ಮ ಬೇಕಿತ್ತು. ಎರ್ರಪ್ಪನವರ ಮಟನ್ ಅಂಗಡಿಗೆ ಹೋಗಿ ಹೇಳಿದರು: ಚರ್ಮ ಇರುವ ಕುರಿ ಕಾಲು ಬೇಕು, ಡಾಕ್ಟರ್ ರಮೇಶ್‌ಬಾಬು ಅವರಿಗೆ, ನಾಳೆ ಬೆಳಿಗ್ಗೆ ಬಂದು ತಗೊಂಡು ಹೋಗ್ತೀನಿ.

ರಮೇಶ್‌ಬಾಬು ಕೇಂದ್ರದ ಮುಖ್ಯಸ್ಥರು. ಎರ್ರಪ್ಪ ಎಲ್ಲರಂತೆ ಯೋಚಿಸಿದರು. ಆರಿಸಿ ಎರಡು ಒಳ್ಳೆಯ ಕಾಲು ತೆಗೆದು ಅಂಗಡಿ ಮುಂದಿನ ಅಶ್ವತ್ಥಮ್ಮನವರಿಗೆ ಕೊಟ್ಟರು.

"ಡಾಕ್ಟ್ರ ಮನೆಗೆ ಕೂದಲು ಕಾಲು ಕಳಿಸಕ್ಕಾಗುತ್ತಾ? ನಮ್ಮ ಮರ್ಯಾದೆ ಏನಾಗ್ಬೇಕು?" ಎಂದು ಅಶ್ವತ್ಥಮ್ಮ ಈಗಲೂ ವಾದ ಮಾಡುತ್ತಾರೆ. "ಚೆನ್ನಾಗಿ ಸುಟ್ಟೆ, ಹೆರೆದೆ, ತೊಳೆದೆ. ಮಾಮೂಲಿ ಗಿರಾಕಿಗೆ ಒಂದ್ಸಲ ಅರಿಶಿನ ಹಚ್ತೀನಿ. ಇದಕ್ಕೆ ಎರಡು ಸಲ ಹಚ್ಚಿ ತಿಕ್ದೆ."

ಶಿರೀಷಾ ಪೊಟ್ಟಣ ಬಿಚ್ಚಿ ನೋಡಿದರು. ಕೂದಲು ತೆಗೆದು ಕೊಟ್ಟಿದ್ದಾರೆ, ಒಳ್ಳೆಯದೇ ಆಯಿತು ಎಂದುಕೊಂಡರು. ಒಂದು ಚೂರು ಅಡ್ಡಡ್ಡ ಕೊಯ್ದು ಯಂತ್ರದ ಕೆಳಗಿಟ್ಟರು. ಪರದೆಯ ತುಂಬ ಹಸಿರು. ಅಂಚಿನಿಂದ ಅಂಚಿಗೆ ಬರೀ ಹಸಿರು ಉರಿ. ಇನ್ನೊಂದು ಚೂರಿಟ್ಟರು, ಅದೂ ಹಸಿರು. ಕಾಣಬೇಕಾಗಿದ್ದ ನೀಲಿ ಎಳೆಗಳ ಸುಳಿವಿಲ್ಲ.

"ಯಂತ್ರದ ಕಣ್ಣೇ ಸುಟ್ಟುಹೋಯ್ತು ಅಂತ ಅನ್ಕೊಂಡೆ" ಎನ್ನುತ್ತಾರೆ ಶಿರೀಷಾ. "ಅದರ ಬೆಲೆ ನೆನೆಸ್ಕೊಂಡ್ರೆ ನಮ್ಮಪ್ಪನ ತೋಟ ಮಾರಿದ್ರೂ ಸಾಲಲ್ಲ. ಮಧ್ಯಾಹ್ನ ಊಟ ಸೇರ್ಲಿಲ್ಲ. ಬೆಂಗಳೂರಿನ ಎಂಜಿನಿಯರಿಗೆ ಫೋನ್ ಮಾಡಣ ಅಂತಿದ್ದೆ, ಅಷ್ಟರಲ್ಲಿ ಸಾರ್ ಬಂದ್ರು."

ರಮೇಶ್‌ಬಾಬು ಪರದೆ ನೋಡಿದರು. ಆಮೇಲೆ ಉಳಿದ ಕಾಲನ್ನು ಎತ್ತಿ ಮೂಗಿನ ಹತ್ತಿರ ಹಿಡಿದರು.

"ಶಿರೀಷಾ, ಇದಕ್ಕೆ ಸ್ವಲ್ಪ ಉಪ್ಪು ಖಾರ ಹಾಕಿದ್ರೆ ಊಟಕ್ಕೇ ಆಗ್ತಿತ್ತಲ್ಲಮ್ಮ."

ಅರಿಶಿನದ ಹಳದಿ ಬಣ್ಣಕ್ಕೆ ಇಂಥ ಲೇಸರ್ ಬಿದ್ದರೆ ಅದು ಹಸಿರಾಗಿ ಹೊಳೆಯುತ್ತದೆ. ಎರಡು ಸಲ ತಿಕ್ಕಿದ ಅರಿಶಿನ ಪರದೆಯನ್ನೇ ನುಂಗಿತ್ತು.

ಮಾರನೆಯ ದಿನ ಶಿರೀಷಾ ಅಂಗಡಿಗೆ ಹೋಗಿ, ಇನ್ನು ಇಲ್ಲಿಂದ ಕಾಲು ಬೇಡ ಎಂದು ಹೇಳಿ ಬಂದರು. "ಅರಿಶಿನ ಹಚ್ಚಿದ್ದಕ್ಕೆ ಬೈಸ್ಕೊಂಡೋಳು ಈ ಪ್ರಪಂಚದಲ್ಲೇ ನಾನೊಬ್ಳೇ ಇರ್ಬೇಕು" ಎಂದು ಅಶ್ವತ್ಥಮ್ಮ ನಗುತ್ತಾರೆ. ಅವತ್ತು ನಕ್ಕಿರಲಿಲ್ಲ.

ಕಥೆ ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಬಿಸಾಡುವ ಮುಂಚೆ ಶಿರೀಷಾ ಆ ಚೂರನ್ನು ಇನ್ನೊಂದು ಸಲ ನೋಡಿದರು, ಈ ಸಲ ಹಸಿರು ಬೆಳಕನ್ನು ತಡೆದು ನೇರಳೆ-ನೀಲಿಯನ್ನು ಮಾತ್ರ ಬಿಡುವ ಗಾಜನ್ನು ಹಾಕಿ. ಮೇಲ್ಗಡೆ ಒಂದು ತೆಳ್ಳನೆಯ ಕಪ್ಪು ಪಟ್ಟಿ. ಅದರ ಕೆಳಗೆ, ಇದ್ದಕ್ಕಿದ್ದಂತೆ, ದಟ್ಟವಾದ ನೀಲಿ ಎಳೆಗಳು.

ಇದು ಏನೆಂದು ಶಿರೀಷಾ ವಿವರಿಸುವುದು ಹೀಗೆ. ಮಾಮೂಲಿ ಮೈಕ್ರೋಸ್ಕೋಪಿನಲ್ಲಿ ಚರ್ಮದ ಒಳಗನ್ನು ನೋಡಬೇಕಾದರೆ ಅದನ್ನು ತೆಳ್ಳಗೆ ಕೊಯ್ದು ಬಣ್ಣ ಹಾಕಬೇಕು. ಇಲ್ಲಿ ಬಣ್ಣ ಬೇಡ. ಕಣ್ಣಿಗೆ ಕಾಣದ, ಕೆಂಪಿನ ಆಚೆಯ ಬೆಳಕನ್ನು ಬಹಳ ಚಿಕ್ಕ ಚಿಕ್ಕ ಮಿಡಿತಗಳಾಗಿ ಒಂದು ಚುಕ್ಕಿಗೆ ಕೂಡಿಸುತ್ತಾರೆ. ಆ ಇಕ್ಕಟ್ಟಿನಲ್ಲಿ ಬೆಳಕಿನ ಎರಡು ಕಣಗಳು ಒಂದೇ ಗಳಿಗೆಯಲ್ಲಿ ಒಂದೇ ಕಡೆ ಬೀಳುತ್ತವೆ. ಚರ್ಮಕ್ಕೆ ಗಟ್ಟಿತನ ಕೊಡುವ ಕೊಲಾಜನ್ ಎಂಬ ನಾರು ಅವೆರಡನ್ನೂ ಸೇರಿಸಿ ಒಂದಾಗಿ ಹೊರಬಿಡುತ್ತದೆ. ಒಳಗೆ ಹೋದದ್ದು ಕಾಣದ ಬೆಳಕು, ಹೊರಗೆ ಬರುವುದು ನೇರಳೆ. ಪರದೆಯ ಮೇಲೆ ಅದನ್ನು ನೀಲಿಯಾಗಿ ತೋರಿಸುತ್ತಾರೆ. ಆದರೆ ನಾರು ಹಗ್ಗದ ಹಾಗೆ ಹೊಸೆದುಕೊಂಡಿದ್ದರೆ ಮಾತ್ರ ಈ ಆಟ. ಕಾಯಿಸಿದರೆ ಹೊಸೆತ ಬಿಚ್ಚಿ, ಬೆಳಕು ಆರಿಹೋಗುತ್ತದೆ.

ಅಶ್ವತ್ಥಮ್ಮನವರಿಗೆ ಶಿರೀಷಾ ಇದನ್ನೇ ಬೇರೆ ಥರ ಹೇಳಿದ್ದಾರೆ: "ಕಾಲ್ ಸೂಪು ಆರಿದ್ಮೇಲೆ ಗಟ್ಟಿಯಾಗಿ ಅಲ್ಲಾಡುತ್ತಲ್ಲಕ್ಕ, ಅದೇ ಬಿಚ್ಕೊಂಡ ನಾರು."

"ಅಯ್ಯೋ, ಅಷ್ಟೇನಾ?" ಎಂದರಂತೆ ಅಶ್ವತ್ಥಮ್ಮ. "ಇದಕ್ಕೆ ಕತ್ತಲೆ ಕೋಣೆ ಯಾಕಮ್ಮ ಬೇಕಿತ್ತು?"

ಕಪ್ಪು ಪಟ್ಟಿ ಎಂದರೆ ಬಿಸಿ ಎಷ್ಟು ಆಳಕ್ಕೆ ಇಳಿದಿದೆ ಎಂಬುದರ ಗುರುತು. ಬೆಂಗಳೂರಿನ ಒಂದು ಆಸ್ಪತ್ರೆಯ ಸುಟ್ಟಗಾಯದ ವಾರ್ಡಿನ ಡಾಕ್ಟರುಗಳು ರಮೇಶ್‌ಬಾಬು ಅವರನ್ನು ಕೇಳುತ್ತಿದ್ದದ್ದೂ ಅದನ್ನೇ. ಗಾಯ ಮೇಲುಮೇಲಿನದಾದರೆ ತಾನಾಗಿ ಮಾಗುತ್ತದೆ. ಆಳಕ್ಕಿಳಿದಿದ್ದರೆ ಸತ್ತ ಚರ್ಮ ಕೊಯ್ದು ತೆಗೆದು, ತೊಡೆಯ ಚರ್ಮ ತಂದು ಹಾಕಬೇಕು. ನಡುವಿನದನ್ನು ಕಣ್ಣಳತೆಯಲ್ಲಿ ಹೇಳುವುದು ಅನುಭವಸ್ಥರಿಗೂ ಕಷ್ಟ. ಕೇಂದ್ರದಲ್ಲಿ ಬಿಸಿ ತಗಡಿನ ಮೇಲೆ ಚರ್ಮ ಇಟ್ಟು ನೋಡಿದ್ದರು. ಆದರೆ ಮನೆಗಳಲ್ಲಿ ಜನ ಸುಟ್ಟುಕೊಳ್ಳುವುದು ತಗಡಿನಿಂದಲ್ಲ, ಬೆಂಕಿಯ ನಾಲಗೆಯಿಂದ.

ಮೂರನೆಯ ದಿನ ಬೆಳಿಗ್ಗೆ ರಮೇಶ್‌ಬಾಬು ತಾವೇ ಎರ್ರಪ್ಪನವರ ಅಂಗಡಿ ಮುಂದೆ ಬಂದು ನಿಂತರು. ಆ ಮಾತುಕತೆಯನ್ನು ಎರ್ರಪ್ಪ ಇಬ್ಬರ ದನಿಯಲ್ಲೂ ಅಭಿನಯಿಸಿ ತೋರಿಸುತ್ತಾರೆ.

"ಸುಟ್ಟು, ಅರಿಶಿನ ಹಚ್ಚದೆ ಕೊಡಕ್ಕಾಗುತ್ತಾಮ್ಮ?"

"ಅರಿಶಿನ ಇಲ್ದಿದ್ರೆ ಯಾರ್ ತಿಂತಾರೆ ಸಾರ್?"

"ಯಾರೂ ತಿನ್ನಲ್ಲ."

"ತಿನ್ನದಿರೋದನ್ನ ಯಾಕ್ ಸುಡ್ಬೇಕು?"

ಕೊನೆಗೆ ಅಶ್ವತ್ಥಮ್ಮ ಕೇಳಿದ್ದು ಒಂದೇ ಪ್ರಶ್ನೆ: ನಿಮ್ಮ ಯಂತ್ರ ಶ್ರಾವಣ ಮಾಡುತ್ತಾ? ಮಾಡುವುದಿಲ್ಲ ಎಂದು ಡಾಕ್ಟರು ಹೇಳಿದ ಮೇಲೆ ಒಪ್ಪಿಕೊಂಡರು. ಶ್ರಾವಣದಲ್ಲಿ ಕಾಲು ಎಲ್ಲಿಂದ ತರುವುದು ಎಂಬುದನ್ನು ಎರ್ರಪ್ಪ ತಮ್ಮ ತಲೆಗೆ ಹಾಕಿಕೊಂಡರು. ಶ್ರಾವಣದಲ್ಲಿ ಎಲ್ಲರೂ ಮಾಂಸ ಬಿಡುವುದಿಲ್ಲ ಎಂಬುದು ಅವರಿಗೆ ಗೊತ್ತು. ಮುಸ್ಲಿಮರೇ ಹೆಚ್ಚಿರುವ ಅಲೀಪುರದ ಕಡೆ ಅವರಿಗೆ ಪರಿಚಯದ ಅಂಗಡಿಗಳೂ ಇವೆ.

ಕೆಲಸ ಸಲೀಸಾಗಿ ಶುರುವಾಗಲಿಲ್ಲ. ಮೊದಲ ವಾರಗಳಲ್ಲಿ ಅಶ್ವತ್ಥಮ್ಮ ಸುಟ್ಟ ಯಾವ ಕಾಲೂ ಕೆಲಸಕ್ಕೆ ಬರಲಿಲ್ಲ. ಕಾರಣ ಸುಲಭ. ಅವರ ಕಸುಬೇ ಕೂದಲನ್ನು ಸುಟ್ಟು ಚರ್ಮವನ್ನು ಉಳಿಸುವುದು. ಚರ್ಮ ಬಿರಿದರೆ ಗಿರಾಕಿ ಬೈಯುತ್ತಾನೆ. ಇಲ್ಲಿ ಬೇಕಿದ್ದದ್ದು ಚರ್ಮ ಸುಡುವುದು, ಅದೂ ಒಮ್ಮೆ ಸ್ವಲ್ಪ, ಒಮ್ಮೆ ಇನ್ನೂ ಸ್ವಲ್ಪ. ಬಿಸಿ ಏರುತ್ತಿದ್ದಂತೆ ಅವರ ಕೈ ತನ್ನಷ್ಟಕ್ಕೆ ಕಾಲನ್ನು ಬೆಂಕಿಯಿಂದ ಆಚೆ ಎಳೆದುಬಿಡುತ್ತಿತ್ತು.

"ಮೂವತ್ತು ವರ್ಷ ಕೆಡದಂಗೆ ಸುಡೋದು ಕಲ್ತಿದ್ದೀನಿ. ಇವ್ರು ಕೆಡಿಸು ಅಂತಾರೆ. ಮನಸ್ಸು ಬರಲ್ಲ ಕಣಪ್ಪ. ನಮ್ಮತ್ತೆ ಇದ್ದಿದ್ರೆ ಇಕ್ಕಳದಲ್ಲೇ ಹೊಡೀತಿದ್ರು."

ಶಿರೀಷಾ ಪಕ್ಕದಲ್ಲೇ ಕೂತರು. ಚರ್ಮದೊಳಗೆ ಒಂದು ಸಣ್ಣ ತಂತಿ ಚುಚ್ಚಿ, ಅದರ ಬಿಸಿಯನ್ನು ಮೀಟರಿನಲ್ಲಿ ನೋಡುತ್ತ "ಇನ್ನೂ, ಇನ್ನೂ, ಸಾಕು" ಎಂದು ಕೂಗುತ್ತಿದ್ದರು. ಈ ಕೂಗು ಇವತ್ತಿಗೂ ಇದೆ. ಬೆಳಿಗ್ಗೆ ಎಂಟರೊಳಗೆ ಆರು ಕಾಲು ಆಗುತ್ತವೆ. ಗಾಳಿಯ ಬಿರುಸು, ಬೆಂಕಿಯಿಂದ ದೂರ, ತಿರುಗಿಸುವ ವೇಗ ಇವೆಲ್ಲ ಅಶ್ವತ್ಥಮ್ಮನವರ ಕೈಯಲ್ಲಿ. ಯಾವಾಗ ನಿಲ್ಲಿಸಬೇಕೆಂಬುದು ಶಿರೀಷಾ ಅವರ ಮೀಟರಿನಲ್ಲಿ. ಒಬ್ಬರಿಲ್ಲದಿದ್ದರೆ ಇನ್ನೊಬ್ಬರ ಕೆಲಸ ನಡೆಯುವುದಿಲ್ಲ. ಇಬ್ಬರೂ ಬೈದಾಡಿಕೊಂಡೇ ಮಾಡುತ್ತಾರೆ.

"ಅಕ್ಕ, ಅಲ್ಲಾಡಿಸ್ಬೇಡ, ತಂತಿ ಕಿತ್ಕೊಳುತ್ತೆ!"

"ನೀನು ಮೀಟ್ರು ನೋಡಮ್ಮ ತಾಯಿ, ನನ್ನ ಕೈ ನೋಡ್ಬೇಡ."

ಈಗ ಅಶ್ವತ್ಥಮ್ಮ ಶುಕ್ರವಾರ ಮುಖಕ್ಕೆ ಮಾತ್ರ ಅರಿಶಿನ ಹಚ್ಚಿಕೊಳ್ಳುತ್ತಾರೆ, ಕೈಗಿಲ್ಲ. ಆದರೂ ಕಳೆದ ವೈಶಾಖದಲ್ಲಿ ಒಂದು ದಿನ ಪರದೆ ಮತ್ತೆ ಹಸಿರಾಯಿತು. ರಮೇಶ್‌ಬಾಬು ನೇರ ಅಂಗಳಕ್ಕೆ ಬಂದು, "ಏನಮ್ಮ ಇದು ಮತ್ತೆ?" ಎಂದರು. ಅಶ್ವತ್ಥಮ್ಮ ಎರಡೂ ಅಂಗೈ ಚಾಚಿದರು. "ನನ್ನ ಕೈ ನೋಡಿ ಸಾರ್. ಆಮೇಲೆ ನಿಮ್ಮ ಶಿಷ್ಯೆ ಕೈ ನೋಡಿ." ಶಿರೀಷಾ ಹಿಂದಿನ ದಿನ ಗೌರಿಬಿದನೂರಿನಲ್ಲಿ ಚಿಕ್ಕಪ್ಪನ ಮಗಳ ಮದುವೆಯ ಅರಿಶಿನ ಶಾಸ್ತ್ರ ಮುಗಿಸಿಕೊಂಡು ಬಂದಿದ್ದರು. ಮೊಣಕೈವರೆಗೂ ಹಳದಿ. ಅವತ್ತು ಕೇಂದ್ರದಲ್ಲಿ ಎಲ್ಲರಿಗೂ ಮದುವೆ ಮನೆಯ ಲಾಡು ಸಿಕ್ಕಿತು, ಕೆಲಸ ಆಗಲಿಲ್ಲ.

ಇಲ್ಲಿ ಟೀ ಒಂದೇ ಫ್ಲಾಸ್ಕಿನಿಂದ ಬರುತ್ತದೆ. ಎಲ್ಲರೂ ಜನರೇಟರ್ ಶೆಡ್ಡಿನ ಕಟ್ಟೆಯ ಮೇಲೆ ಕೂತು ಕುಡಿಯುತ್ತಾರೆ. ಅಶ್ವತ್ಥಮ್ಮ ಟೀ ಹೊತ್ತಿಗೆ ತಪ್ಪದೆ ಕಟ್ಟೆಯ ಮೇಲಿರುತ್ತಾರೆ.

ಇಷ್ಟೆಲ್ಲ ನಗುವಿನ ಕೆಳಗೆ ಈ ವಾರ ಒಂದು ದಿಗಿಲಿದೆ.

ಹೋದ ಯುಗಾದಿಗೆ ಅಶ್ವತ್ಥಮ್ಮ ಎರ್ರಪ್ಪನವರ ಅಂಗಡಿ ಮುಂದಿನ ತಮ್ಮ ಜಾಗವನ್ನು ನಾದಿನಿ ಆಂಜಿನಮ್ಮನಿಗೆ ಬಿಟ್ಟುಕೊಟ್ಟರು. ಆಂಜಿನಮ್ಮ ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ಬಿಚ್ಚುವ ಕೆಲಸಕ್ಕೆ ಹೋಗುತ್ತಿದ್ದರು. ಆ ಘಟಕ ಮುಚ್ಚಿತು. ಗಂಡನಿಲ್ಲ, ಇಬ್ಬರು ಹೆಣ್ಣುಮಕ್ಕಳು ಹೈಸ್ಕೂಲಿನಲ್ಲಿದ್ದಾರೆ. ಈ ಕಸುಬಿನಲ್ಲಿ ಒಂದು ಅಂಗಡಿಗೆ ಒಂದೇ ಒಲೆ. ಎರಡನೆಯವರು ಪಕ್ಕದಲ್ಲಿ ಕೂರುವಂತಿಲ್ಲ. ಒಮ್ಮೆ ಬಿಟ್ಟುಕೊಟ್ಟ ಜಾಗವನ್ನು ವಾಪಸು ಕೇಳುವಂತೆಯೂ ಇಲ್ಲ. ಕೇಳಿದರೆ ಆಂಜಿನಮ್ಮ ಎದ್ದುಬಿಡುತ್ತಾರೆ. ಅದಕ್ಕೇ ಕೇಳಬಾರದು ಎನ್ನುವುದು ಅಶ್ವತ್ಥಮ್ಮನವರ ವಾದ.

ಕೇಂದ್ರದ ಈ ಯೋಜನೆಯ ಅವಧಿ ಮಾರ್ಚಿಗೆ ಮುಗಿಯುತ್ತದೆ. ಇನ್ನೆರಡು ವರ್ಷ ಮುಂದುವರಿಯಬೇಕಾದರೆ ಕುರಿಯ ಚರ್ಮದಲ್ಲಿ ಕಂಡದ್ದು ಮನುಷ್ಯನ ಚರ್ಮಕ್ಕೂ ಹೊಂದಬೇಕು. ಆಸ್ಪತ್ರೆಯವರು ಆಪರೇಷನ್ನಿನಲ್ಲಿ ಕೊಯ್ದು ತೆಗೆದ ಸುಟ್ಟ ಚರ್ಮದ ಎಂಟು ಚೂರುಗಳನ್ನು, ರೋಗಿಗಳ ಒಪ್ಪಿಗೆ ಪಡೆದು, ಐಸಿನ ಪೆಟ್ಟಿಗೆಯಲ್ಲಿ ಕಳಿಸಿದ್ದರು. ಯಾವುದು ಎಷ್ಟು ಆಳ ಸುಟ್ಟಿದೆ ಎಂದು ಕೇಂದ್ರ ಬರೆದು ಕಳಿಸಿದೆ. ಆಸ್ಪತ್ರೆಯವರು ಬಣ್ಣ ಹಾಕಿ ತಾವೇ ಮಾಡಿದ ಪರೀಕ್ಷೆಯ ಜೊತೆ ತಾಳೆ ನೋಡುತ್ತಾರೆ. ಉತ್ತರ ಶನಿವಾರ ಫೋನಿನಲ್ಲಿ ಬರಬೇಕು.

"ಕುರಿ ಚರ್ಮ ಮನುಷ್ಯನ ಚರ್ಮ ಅಲ್ಲ" ಎಂದು ರಮೇಶ್‌ಬಾಬು ಸುತ್ತು ಬಳಸದೆ ಹೇಳುತ್ತಾರೆ. "ಹೊಂದದೇ ಹೋಗಬಹುದು. ಹೊಂದದಿದ್ದರೆ ಅಂಗಳದ ಒಲೆಗೆ ನಾನು ಯಾರ ಹತ್ತಿರವೂ ಹಣ ಕೇಳಲಾರೆ."

ಶನಿವಾರ ಮಧ್ಯಾಹ್ನ ಅಶ್ವತ್ಥಮ್ಮನವರಿಗೆ ಕೆಲಸವಿಲ್ಲ. ಆದರೂ ಬಂದಿದ್ದಾರೆ. ಆಫೀಸಿನ ಕಿಟಕಿಯ ಹೊರಗಿನ ನಲ್ಲಿಯಲ್ಲಿ, ಬೆಳಿಗ್ಗೆಯೇ ತೊಳೆದಿದ್ದ ಇಕ್ಕಳವನ್ನು ಮತ್ತೆ ತೊಳೆಯುತ್ತಿದ್ದಾರೆ. ಒಳಗೆ ಫೋನು ಬಡಿದುಕೊಳ್ಳುತ್ತದೆ. ರಮೇಶ್‌ಬಾಬು ಇಂಗ್ಲಿಷಿನಲ್ಲಿ ಮಾತಾಡುತ್ತ, ಹಾಳೆಯ ಮೇಲೆ ಒಂದೊಂದೇ ಗುರುತು ಹಾಕಿಕೊಳ್ಳುತ್ತಾರೆ. ನಲ್ಲಿ ನೀರು ಸುಮ್ಮನೆ ಹರಿಯುತ್ತಿದೆ. ಅಶ್ವತ್ಥಮ್ಮ ಅವರ ಮುಖವನ್ನೇ ನೋಡುತ್ತಿದ್ದಾರೆ.

ಫೋನಿಟ್ಟು ರಮೇಶ್‌ಬಾಬು ಕಿಟಕಿಗೆ ಬರುತ್ತಾರೆ. "ಎಂಟರಲ್ಲಿ ಏಳು ಸರಿ."

"ಇನ್ನೊಂದು?"

"ಅದು ಅವರ ತಪ್ಪೋ ನಮ್ಮ ತಪ್ಪೋ ನೋಡಬೇಕು."

"ಹಂಗಾದ್ರೆ ಸೋಮವಾರ ಬರ್ಬೇಕೋ ಬೇಡ್ವೋ? ಅದ್ ಹೇಳಿ ಸಾರ್ ಮೊದ್ಲು."

"ಸೋಮವಾರ ಬರಬೇಕು. ಇನ್ನೂ ಎರಡು ವರ್ಷ ಬರಬೇಕು. ಆಸ್ಪತ್ರೆಯವರೂ ಈಗ ಜೊತೆ ಸೇರ್ತಿದ್ದಾರೆ."

"ಸರಿಪೋಯಿಂದಿ!" ಸರಿಹೋಯ್ತು ಎಂದು ಶಿರೀಷಾ ಒಳಗಿನಿಂದ ತೆಲುಗಿನಲ್ಲಿ ಕಿರುಚುತ್ತಾರೆ. "ಇನ್ನೆರಡು ವರ್ಷ ಈ ಅಕ್ಕನ ಕೈಲಿ ಬೈಸ್ಕೋಬೇಕು!" ಅಶ್ವತ್ಥಮ್ಮ ನಲ್ಲಿ ನಿಲ್ಲಿಸುತ್ತಾರೆ. ಸೆರಗನ್ನು ಬಾಯಿಗೆ ಒತ್ತಿಕೊಂಡು, ಭುಜ ಕುಲುಕುವಷ್ಟು ನಗುತ್ತಾರೆ. ಇಕ್ಕಳದಿಂದಲೇ ಕಿಟಕಿಯ ಸರಳನ್ನು ಒಂದು ಸಲ ಟಣ್ ಎನ್ನಿಸುತ್ತಾರೆ.

ಇನ್ನೇನು ಆಸೆ ಎಂದು ಕೇಳಿದರೆ ಇಕ್ಕಳವನ್ನು ಸೆರಗಿನಲ್ಲಿ ಒರೆಸುತ್ತ ಹೇಳುತ್ತಾರೆ: "ಒಂದ್ಸಲ ಆ ಬೆಂಗ್ಳೂರಾಸ್ಪತ್ರೆಗೆ ಹೋಗ್ಬೇಕು. ಯಾರದೋ ಕೂಸು ಒಲೆ ಬೆಂಕಿ ತಗುಲಿಸ್ಕೊಂಡು ಬಂದಿರುತ್ತೆ. ಡಾಕ್ಟ್ರು ಆ ತಾಯಿಗೆ 'ಇದು ಮೇಲುಮೇಲೆ ಸುಟ್ಟಿರೋದಮ್ಮ, ಕೊಯ್ಯೋದು ಬೇಡ, ಮನೆಗೆ ಹೋಗು' ಅನ್ಬೇಕು. ನಾನು ಹಿಂದೆ ನಿಂತ್ಕೊಂಡು ಕೇಳಿಸ್ಕೋಬೇಕು. ನಾನ್ಯಾರು ಅಂತ ಅವ್ಳಿಗೇನೂ ಗೊತ್ತಾಗೋದು ಬೇಡ."

ಭಾನುವಾರ ಮುಂಜಾನೆ ಅವರು ಎರ್ರಪ್ಪನವರ ಅಂಗಡಿಗೆ ಹೋಗುತ್ತಾರೆ. ಆಗಲೇ ಜನ ಸೇರಿದ್ದಾರೆ. ಒಲೆಯ ಹಿಂದಿನ ಅಗಲವಾದ ಹಾಸುಗಲ್ಲಿನ ಮೇಲೆ ಆಂಜಿನಮ್ಮ ಕೂತಿದ್ದಾರೆ, ಒಂದು ಮೂಲೆಗೆ ಮುದುಡಿಕೊಂಡು. ಕಾಲುಗಳೆಲ್ಲ ಅವರ ಮಡಿಲ ಹತ್ತಿರ ರಾಶಿ ಬಿದ್ದು ನೆಲಕ್ಕೆ ಜಾರುತ್ತಿವೆ. ಕಲ್ಲಿನ ಉಳಿದ ಭಾಗ ಗುಡಿಸಿ, ನೀರು ಚಿಮುಕಿಸಿ, ಖಾಲಿ ಬಿಟ್ಟಿದೆ.

"ವರ್ಷದಿಂದ ಹಿಂಗೇನೇ" ಎಂದು ಎರ್ರಪ್ಪ ಮಚ್ಚು ಆಡಿಸುತ್ತಲೇ ಹೇಳುತ್ತಾರೆ. "ಆ ಕಡೆ ಒಂದು ಗೊರಸು ಕೂಡ ಇಡಲ್ಲ. ಅತ್ತಿಗೆ ಯಾವತ್ತಾದ್ರೂ ವಾಪಸ್ ಬಂದ್ರೆ ಅಂತ."

ಅಶ್ವತ್ಥಮ್ಮನವರನ್ನು ಕಂಡ ಕೂಡಲೇ ಆಂಜಿನಮ್ಮ ಎದ್ದು ನಿಲ್ಲುತ್ತಾರೆ. ಮುಖ ಬಾಡಿದೆ, ಆದರೂ ಮಾತು ಗಟ್ಟಿಯಾಗಿಯೇ ಬರುತ್ತದೆ. "ಬಾ ಅತ್ತಿಗೆ. ಮುಗೀತಾ ಅಲ್ಲಿ ಕೆಲ್ಸ? ಕೂತ್ಕೊ, ನಿನ್ ಜಾಗ ಹಂಗೇ ಇದೆ."

"ಅಯ್ಯೋ ಮಂಕೇ! ಇನ್ನೆರಡು ವರ್ಷ ನಂಗೆ ಅಲ್ಲೇ ಬೆಂಕಿ ಕಣೇ. ನಾನು ಜಾಗ ಕೇಳಕ್ ಬಂದಿಲ್ಲ, ಕಾಲ್ ಕೊಳ್ಳಕ್ ಬಂದಿದ್ದೀನಿ." ಅಶ್ವತ್ಥಮ್ಮ ನಾದಿನಿಯ ಎರಡೂ ಭುಜ ಹಿಡಿದು, ಕಲ್ಲಿನ ಆಚೆ ಬದಿಗೆ ತಳ್ಳುತ್ತ, ಕೆಳಗೆ ಅದುಮಿ ಕೂರಿಸುತ್ತಾರೆ. "ಇಲ್ಲಿ ಕೂತ್ಕೊ. ಮೂಲೇಲಲ್ಲ, ಮಧ್ಯದಲ್ಲಿ."